ಹೊಗೆಸೊಪ್ಪೇ ಹಣವಾಗಿದ್ದ ನಾಡು

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ಹೊಗೆಸೊಪ್ಪಿಗೆ 'ವರ್ಜೀನಿಯಾ' ಎಂದು ಹೆಸರು. ಬೇಸಾಯಗಾರರ ಬಾಯಲ್ಲಿ ಅದು ಬೆಳೆಯ ಜಾತಿಯ ಹೆಸರಾಗಿ ನಿಂತುಬಿಟ್ಟಿದೆ. ಅದೊಂದು ನಾಡಿನ ಹೆಸರೆಂಬುದನ್ನು ನೆನೆಯುವವರು ವಿರಳ. ಅಮೆರಿಕದ ಪೂರ್ವ ಕರಾವಳಿಯ ಆ ನಾಡಿನಲ್ಲಿ ಒಂದು ಕಾಲಕ್ಕೆ ಈ ಸೊಪ್ಪೇ ನಾಣ್ಯವಾಗಿತ್ತು. ಅಲ್ಲಿ ಕಂದಾಯ ಕಟ್ಟುತ್ತಿದ್ದುದು ಸೊಪ್ಪಿನಲ್ಲಿ, ಪಾದ್ರಿಗೆ ಸಂಬಳ ಕೊಡುತ್ತಿದ್ದುದು ಸೊಪ್ಪಿನಲ್ಲಿ, ತಪ್ಪು ಮಾಡಿದವನು ದಂಡ ತೆರುತ್ತಿದ್ದುದೂ ಸೊಪ್ಪಿನಲ್ಲಿಯೇ. ಹೆಂಡತಿಯನ್ನು ಕರೆತಂದ ಹಡಗಿನ ಖರ್ಚನ್ನು ಗಂಡನಾದವನು ಸೊಪ್ಪನ್ನು ತೂಗಿ ತೀರಿಸಬೇಕಾಗಿತ್ತು. ಇಂಥ ನಾಡು ಹೇಗೆ ಹುಟ್ಟಿತು, ಅಲ್ಲಿಯ ಜನ ಹೇಗೆ ಬಾಳಿದರು, ಸೊಪ್ಪಿನ ಲೆಕ್ಕ ಕೊನೆಗೆ ಅವರನ್ನು ಎಲ್ಲಿಗೆ ಒಯ್ದು ಮುಟ್ಟಿಸಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲಿಗೆ ನಮಗೆ ಪರಿಚಿತವಾದ ಒಂದು ಹೆಸರಿನಿಂದ ಹೊರಡೋಣ. 1600ನೆಯ ಇಸವಿಯ ಕೊನೆಯ ದಿನ ಲಂಡನ್ನಿನ ವರ್ತಕರು ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ಪಡೆದರು. 1606ರಲ್ಲಿ ವರ್ಜೀನಿಯಾ ಕಂಪನಿಗೂ ದೊರೆಯ ಸನ್ನದು ದೊರೆಯಿತು. ಎರಡಕ್ಕೂ ಹಣ ಹೂಡಿದವರಲ್ಲಿ ಬಹುಮಂದಿ ಒಂದೇ ವರ್ಗಕ್ಕೆ ಸೇರಿದವರು. ಈಸ್ಟ್ ಇಂಡಿಯಾ ಕಂಪನಿಯ ಮೊದಲನೆಯ ಗವರ್ನರ್ ಸರ್ ಥಾಮಸ್ ಸ್ಮಿಥ್‌ನೇ 1609ರಿಂದ 1619ರವರೆಗೆ ವರ್ಜೀನಿಯಾ ಕಂಪನಿಯ ಆಡಳಿತವನ್ನೂ ನಡೆಸಿದನು. 1607ರಲ್ಲಿ ಮೊದಲ ವಲಸೆಗಾರರನ್ನು ವರ್ಜೀನಿಯಾಕ್ಕೆ ಒಯ್ದ ನಾವಿಕ ಕ್ರಿಸ್ಟೊಫರ್ ನ್ಯೂಪೋರ್ಟ್, 1615ರಲ್ಲಿ ಸರ್ ಥಾಮಸ್ ರೋ ಎಂಬ ರಾಯಭಾರಿಯನ್ನು ಸೂರತ್ತಿಗೆ ಕರೆತಂದ ಹಡಗಿನ ಕಪ್ತಾನನೂ ಹೌದು. ಅವನು 1617ರಲ್ಲಿ ಜಾವಾದ ಬಾಂಟಮಿನಲ್ಲಿ ತೀರಿಕೊಂಡನು. ವರ್ಜೀನಿಯಾವನ್ನು ಉಕ್ಕಿನ ಕೈಯಿಂದ ಆಳಿದ ಸರ್ ಥಾಮಸ್ ಡೇಲ್ 1619ರಲ್ಲಿ ಸತ್ತದ್ದು ನಮ್ಮ ಆಂಧ್ರದ ಮಚಲೀಪಟ್ಟಣದಲ್ಲಿ. ಪೂರ್ವದ ಕಥೆಯನ್ನೂ ಪಶ್ಚಿಮದ ಕಥೆಯನ್ನೂ ನಾವು ಬೇರೆ ಬೇರೆ ಪುಸ್ತಕಗಳಲ್ಲಿ ಓದುತ್ತೇವೆ. ಆ ಕಾಲದ ವರ್ತಕರ ಲೆಕ್ಕದ ಮನೆಯಲ್ಲಿ ಅವು ಅಕ್ಕಪಕ್ಕದ ಖಾತೆಗಳಾಗಿದ್ದವು.

ಆದರೆ ಎರಡು ಕಡೆಯ ವ್ಯಾಪಾರದಲ್ಲಿ ಒಂದು ದೊಡ್ಡ ವ್ಯತ್ಯಾಸವಿತ್ತು. ಸೂರತ್ತು, ಮಚಲೀಪಟ್ಟಣಗಳಲ್ಲಿ ಬಟ್ಟೆಯಿತ್ತು, ಮೆಣಸಿತ್ತು, ದಲ್ಲಾಳಿಗಳಿದ್ದರು, ಸುಂಕದ ಕಟ್ಟೆಯಿತ್ತು, ಎಲ್ಲಕ್ಕೂ ಮೇಲೆ ಬಲಿಷ್ಠನಾದ ದೊರೆಯಿದ್ದನು. ಇಂಗ್ಲಿಷರು ಬೆಳ್ಳಿಯನ್ನು ತಂದು, ಅಪ್ಪಣೆ ಬೇಡಿ, ಸಿದ್ಧವಾಗಿದ್ದ ಸರಕನ್ನು ಕೊಂಡರೆ ಸಾಕಾಗಿತ್ತು. ವರ್ಜೀನಿಯಾದಲ್ಲಿ ಕೊಳ್ಳುವುದಕ್ಕೆ ಅಂಥ ಸರಕೇ ಇರಲಿಲ್ಲ. ಚಿನ್ನ ಸಿಕ್ಕೀತೆಂದು ಹೋದವರಿಗೆ ಕಾಡು, ನದಿ, ಜೌಗು ಸಿಕ್ಕಿದವು. ಪಾಲುಗಾರರಿಗೆ ಲಾಭ ಕೊಡಬೇಕಾದರೆ ಸರಕನ್ನು ತಾವೇ ಹುಟ್ಟಿಸಬೇಕು; ಸರಕು ಹುಟ್ಟಬೇಕಾದರೆ ನೆಲವೂ ಬೇಕು, ಕೈಗಳೂ ಬೇಕು. ಮುಂದಿನ ಕಥೆಯೆಲ್ಲ ಈ ಎರಡು ಬೇಕುಗಳ ಕಥೆ.

ಮೂರು ಸಣ್ಣ ಹಡಗುಗಳಲ್ಲಿ ಬಂದ 104 ಮಂದಿ ಗಂಡಸರೂ ಹುಡುಗರೂ 1607ರ ಮೇ ತಿಂಗಳಲ್ಲಿ ಒಂದು ನದಿಯ ದಡದಲ್ಲಿ ಇಳಿದು, ತಮ್ಮ ದೊರೆಯ ಹೆಸರಿನಿಂದ ಅದನ್ನು ಜೇಮ್ಸ್‌ಟೌನ್ ಎಂದು ಕರೆದರು. ಸ್ಪೇನಿನ ಹಡಗುಗಳಿಂದ ಕಾಪಾಡಿಕೊಳ್ಳಲು ಒಳ್ಳೆಯ ಜಾಗ. ಬದುಕಲು ಕೆಟ್ಟ ಜಾಗ. ಕುಡಿಯುವ ನೀರು ಉಪ್ಪಾಗಿತ್ತು, ಸುತ್ತಲೂ ಜೌಗು. ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೈಕೆಲಸವನ್ನೇ ಕಂಡರಿಯದ ಮನೆತನಸ್ಥರು. 1608ರ ಜನವರಿಯ ಹೊತ್ತಿಗೆ ಉಳಿದಿದ್ದವರು 38 ಮಂದಿ ಮಾತ್ರ. ಅವರನ್ನು ಬದುಕಿಸಿದ್ದು ಆ ನಾಡಿನ ಮೂಲನಿವಾಸಿಗಳ ಮೆಕ್ಕೆಜೋಳ. ಪೌಹಾಟನ್ ಎಂದು ಇಂಗ್ಲಿಷರು ಕರೆದ ಅರಸನ ಕೈಕೆಳಗೆ ಸುಮಾರು ಮೂವತ್ತು ಪಂಗಡಗಳಿದ್ದವು. ಅವರಿಗೆ ತಾಮ್ರವೆಂದರೆ ನಮ್ಮವರಿಗೆ ಚಿನ್ನವಿದ್ದ ಹಾಗೆ, ಗೌರವದ ವಸ್ತು. ತಾಮ್ರದ ತಗಡು, ಗಾಜಿನ ಮಣಿ, ಕಬ್ಬಿಣದ ಕೊಡಲಿಗಳಿಗೆ ಪ್ರತಿಯಾಗಿ ಅವರು ಜೋಳ ಕೊಟ್ಟರು.

ಈ ವಿನಿಮಯದಲ್ಲಿಯೇ ವಸಾಹತಿನ ಮೊದಲ ಆರ್ಥಿಕ ಪಾಠ ಅಡಗಿದೆ. ಹಡಗಿನ ಆಳುಗಳು ರಾತ್ರಿಯ ಹೊತ್ತು ಕದ್ದುಮುಚ್ಚಿ ತಾಮ್ರವನ್ನು ತಮಗೆ ತೋಚಿದ ಬೆಲೆಗೆ ಮಾರತೊಡಗಿದರು. ಸರಬರಾಜು ಹೆಚ್ಚಿದಂತೆ ತಾಮ್ರದ ಮರ್ಯಾದೆ ಇಳಿಯಿತು; ಮೊದಲು ಒಂದು ತುಂಡಿಗೆ ಬರುತ್ತಿದ್ದ ಜೋಳಕ್ಕೆ ಈಗ ಹಲವು ತುಂಡುಗಳನ್ನು ಕೊಡಬೇಕಾಯಿತು. ನಾಯಕನಾಗಿದ್ದ ಜಾನ್ ಸ್ಮಿಥ್ ಇದನ್ನು ಕಂಡು ಹಲ್ಲು ಕಡಿದನು. ಯಾವ ವಸ್ತುವನ್ನು ಹಣವೆಂದು ನಂಬುತ್ತೇವೆಯೋ ಅದನ್ನು ಯಾರು ಬೇಕಾದರೂ ತಂದು ಸುರಿಯುವಂತಾದರೆ ಏನಾಗುತ್ತದೆಂಬುದನ್ನು ವಲಸೆಗಾರರು ಆಗಲೇ ನೋಡಿದ್ದರು. ನೋಡಿಯೂ ಕಲಿಯಲಿಲ್ಲವೆಂಬುದು ಮುಂದೆ ತಿಳಿಯುತ್ತದೆ.

1609-10ರ ಚಳಿಗಾಲವನ್ನು ಅಲ್ಲಿಯವರು 'ಹಸಿವಿನ ಕಾಲ' ಎಂದೇ ಕರೆದರು. ಅರಸನೊಡನೆ ವೈರ ಬೆಳೆದು ಜೋಳ ನಿಂತಿತು. ಕೋಟೆಯ ಹೊರಗೆ ಕಾಲಿಡುವಂತಿರಲಿಲ್ಲ. ಕುದುರೆ, ನಾಯಿ, ಇಲಿ, ಹಾವು, ಕೊನೆಗೆ ಚರ್ಮದ ಜೋಡು, ಎಲ್ಲವೂ ಪಾತ್ರೆಗೆ ಬಿದ್ದವು. ವಸಂತ ಬಂದಾಗ ಕೋಟೆಯೊಳಗೆ ಜೀವ ಹಿಡಿದುಕೊಂಡಿದ್ದವರು ಸುಮಾರು 60 ಮಂದಿ. ಜನರು ಹೆಣಗಳನ್ನೂ ತಿಂದರೆಂದು ಹಳೆಯ ಬರಹಗಳಲ್ಲಿದ್ದ ಮಾತನ್ನು ಅತಿಶಯೋಕ್ತಿಯೆಂದು ತಳ್ಳಿಹಾಕಿದ ವಿದ್ವಾಂಸರುಂಟು. 1994ರಿಂದ ನಡೆದ ಉತ್ಖನನದಲ್ಲಿ ನದಿಯ ಪಾಲಾಯಿತೆಂದುಕೊಂಡಿದ್ದ ಕೋಟೆಯ ಕುರುಹುಗಳು ದೊರೆತವು. 2012ರಲ್ಲಿ ಸುಮಾರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ತಲೆಬುರುಡೆಯ ಚೂರುಗಳು ಸಿಕ್ಕಿದವು. ಅವುಗಳ ಮೇಲೆ ಕತ್ತಿಯ ಗೀರುಗಳಿದ್ದವು. ಹಳೆಯ ಮಾತು ನಿಜವೆಂದು ಎಲುಬೇ ಸಾಕ್ಷಿ ನುಡಿಯಿತು.

ಆ ಮೇಲೆ ಬಂದ ಡೇಲ್ ಸೈನ್ಯದ ಕಟ್ಟಳೆಯನ್ನು ಜಾರಿಗೆ ತಂದನು. ಉಗ್ರಾಣದಿಂದ ಕದ್ದವನಿಗೆ ಮರಣದಂಡನೆ. ಗಂಟೆ ಬಾರಿಸಿದಾಗ ಕೆಲಸ, ಗಂಟೆ ಬಾರಿಸಿದಾಗ ಪ್ರಾರ್ಥನೆ. ಆದರೆ ಅವನೇ ಇನ್ನೊಂದು ಕೆಲಸವನ್ನೂ ಮಾಡಿದನು. ಅಲ್ಲಿಯವರೆಗೆ ಎಲ್ಲರೂ ಕಂಪನಿಗಾಗಿ ದುಡಿದು ಸಾಮಾನ್ಯ ಉಗ್ರಾಣದಿಂದ ಪಡಿ ಪಡೆಯುತ್ತಿದ್ದರು. ಸುಮಾರು 1614ರ ಹೊತ್ತಿಗೆ ಅವನು ಹಳೆಯ ವಲಸೆಗಾರರಿಗೆ ತಲೆಗೆ 3 ಎಕರೆಯಂತೆ ಸ್ವಂತ ಬೇಸಾಯಕ್ಕೆ ನೆಲ ಕೊಟ್ಟನು. ಹಿಂದೆ ವಾರವಿಡೀ ಮಾಡದಷ್ಟು ಕೆಲಸವನ್ನು ಈಗ ಒಂದೇ ದಿನದಲ್ಲಿ ಮಾಡುತ್ತಾರೆಂದು ಅಲ್ಲಿದ್ದ ರಾಲ್ಫ್ ಹೇಮರ್ ಬರೆದಿಟ್ಟಿದ್ದಾನೆ. ಇದರಲ್ಲಿ ಆಶ್ಚರ್ಯವೇನಿದೆ? ತನ್ನ ಹೊಲದ ಬದುವಿನಲ್ಲಿ ನಿಂತ ಒಕ್ಕಲಿಗನಿಗೆ ಗಂಟೆ ಬಾರಿಸುವ ಅಗತ್ಯವಿಲ್ಲ.

ಸರಿಯಾಗಿ ಈ ಹೊತ್ತಿಗೆ ಹೊಗೆಸೊಪ್ಪು ಬಂದಿತು. ಸೊಪ್ಪು ಆ ನೆಲಕ್ಕೆ ಹೊಸದಲ್ಲ. ಆದರೆ ಅಲ್ಲಿಯ ಜಾತಿ ಖಾರ, ಇಂಗ್ಲೆಂಡಿನವರ ನಾಲಗೆಗೆ ಒಗ್ಗದು. ಜಾನ್ ರಾಲ್ಫ್ ಎಂಬವನು 1612ರಲ್ಲಿ ಸ್ಪೇನಿನವರ ಸೀಮೆಯ ಸೌಮ್ಯವಾದ ಜಾತಿಯ ಬೀಜವನ್ನು ಬಿತ್ತಿ ನೋಡಿದನು. 1614ರಲ್ಲಿ ಮೊದಲ ಸರಕು ಲಂಡನ್ನಿಗೆ ಹೋಯಿತು. ಅದೇ ವರ್ಷ ಅವನು ಪೌಹಾಟನನ ಮಗಳು ಪೊಕಹಾಂಟಸಳನ್ನು ಮದುವೆಯಾದನು. ಕೆಲವು ವರ್ಷ ಎರಡು ಜನಗಳ ನಡುವೆ ಶಾಂತಿ ನೆಲಸಿತು. ಆ ಹೊತ್ತಿಗೆ ಹೊಗೆಸೊಪ್ಪಿನ ಗೀಳು ಜಗತ್ತನ್ನೆಲ್ಲ ಸುತ್ತಿತ್ತು. ಅಕ್ಬರನ ಆಸ್ಥಾನದ ಅಸದ್ ಬೇಗ್ ರಾಯಭಾರಕ್ಕೆಂದು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರಕ್ಕೆ ಬಂದಿದ್ದಾಗ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡು, ರತ್ನ ಕೆತ್ತಿದ ಕೊಳವೆಯೊಡನೆ ಅದನ್ನು ಒಯ್ದು ಬಾದಶಹನಿಗೆ ಒಪ್ಪಿಸಿದನು. ಹಕೀಮರು ಬೇಡವೆಂದರು, ಅಮೀರರು ಬೇಕೆಂದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದನು. ಇಂಗ್ಲೆಂಡಿನ ಜೇಮ್ಸ್ ದೊರೆ 1604ರಲ್ಲಿಯೇ ಈ ಹೊಗೆಯನ್ನು ಹಳಿದು ಪುಸ್ತಕ ಬರೆದಿದ್ದನು. ಬರೆದ ಕೈ ಸುಂಕವನ್ನು ಬೇಡವೆನ್ನಲಿಲ್ಲ!

ಮುಂದೆ ವರ್ಜೀನಿಯಾದಲ್ಲಿ ಆದದ್ದಕ್ಕೆ ಹುಚ್ಚು ಎಂದೇ ಹೇಳಬೇಕು. 1617ರಲ್ಲಿ ಹೊಸ ಅಧಿಕಾರಿ ಬಂದು ನೋಡಿದಾಗ ಜೇಮ್ಸ್‌ಟೌನಿನ ಪೇಟೆಯ ಬಯಲಿನಲ್ಲಿ, ಬೀದಿಗಳಲ್ಲಿ, ಸಂದುಗೊಂದುಗಳಲ್ಲಿ ಸೊಪ್ಪಿನ ಗಿಡಗಳು ನಿಂತಿದ್ದವು; ಮನೆಗಳು ಮಾತ್ರ ಬೀಳುವ ಸ್ಥಿತಿಯಲ್ಲಿದ್ದವು. ಆ ವರ್ಷ ಇಂಗ್ಲೆಂಡಿಗೆ ಹೋದ ಸೊಪ್ಪು ಸುಮಾರು 20,000 ಪೌಂಡು ತೂಕ. 1640ರ ಹೊತ್ತಿಗೆ ಅದು 10 ಲಕ್ಷ ಪೌಂಡನ್ನು ದಾಟಿತ್ತು. ಮೊದಲು 2 ಎಕರೆ ಧಾನ್ಯ ಬೆಳೆದವನೇ ಸೊಪ್ಪು ಹಾಕಬೇಕೆಂದು ಡೇಲ್ ವಿಧಿಸಿದ್ದನು. ಆದರೆ ಹೊಟ್ಟೆಗೆ ಜೋಳ ಬೆಳೆಯುವುದಕ್ಕಿಂತ ಸೊಪ್ಪು ಬೆಳೆದು ಜೋಳ ಕೊಳ್ಳುವುದೇ ಲಾಭವೆಂದು ಕಂಡವನಿಗೆ ಹಸಿವಿನ ಕಾಲದ ನೆನಪು ಎಷ್ಟು ದಿನ ಇದ್ದೀತು?

ವಸಾಹತಿನ ಕಾರ್ಯದರ್ಶಿಯಾಗಿದ್ದ ಜಾನ್ ಪೋರಿ 1619ರಲ್ಲಿ ಬರೆದ ಕಾಗದವೊಂದು ಆ ದಿನಗಳ ಸಮಾಜವನ್ನು ಕಣ್ಣೆದುರು ನಿಲ್ಲಿಸುತ್ತದೆ. ಒಬ್ಬನು ತನ್ನೊಬ್ಬನ ದುಡಿಮೆಯಿಂದಲೇ ವರ್ಷಕ್ಕೆ 200 ಪೌಂಡು ಹಣದ ಬೆಳೆ ತೆಗೆದನಂತೆ. ಇನ್ನೊಬ್ಬನು ಆರು ಆಳುಗಳಿಂದ ಒಂದೇ ಬೆಳೆಯಲ್ಲಿ 1,000 ಪೌಂಡು ಗಳಿಸಿದನಂತೆ. ಇಂಥವರು ಅಪರೂಪವೆಂದು ಪೋರಿಯೇ ಒಪ್ಪಿಕೊಳ್ಳುತ್ತಾನೆ. ಊರ ದನ ಕಾಯುವವನು ಭಾನುವಾರ ಥಳಥಳಿಸುವ ರೇಷ್ಮೆಯುಟ್ಟು ಹೊರಡುವುದನ್ನೂ, ಇಂಗ್ಲೆಂಡಿನಲ್ಲಿ ಇದ್ದಲು ಸುಡುತ್ತಿದ್ದವನ ಹೆಂಡತಿ ತುಪ್ಪಟದ ದುಬಾರಿ ಟೋಪಿ ಧರಿಸುವುದನ್ನೂ ಅವನು ಬೆರಗಾಗಿ ಬಣ್ಣಿಸುತ್ತಾನೆ. ಹುಟ್ಟಿನಿಂದ ಬಂದ ಮೇಲುಕೀಳುಗಳು ಅಲ್ಲಿ ಸಡಿಲವಾಗುತ್ತಿದ್ದವೆಂಬುದು ದಿಟ. ಆದರೆ ಪೋರಿಯ ಲೆಕ್ಕದಲ್ಲಿ ಇನ್ನೊಂದು ಸತ್ಯವೂ ಇದೆ. ಒಬ್ಬನ ದುಡಿಮೆಗೆ 200, ಆರು ಆಳುಗಳಿದ್ದರೆ 1,000. ಹಾಗಾದರೆ ಸಿರಿತನವೆಂದರೆ ಆಳುಗಳೇ.

ಆಳುಗಳನ್ನು ತರಿಸಲು ಕಂಪನಿ 1618ರಲ್ಲಿ ಒಂದು ಉಪಾಯ ಹೂಡಿತು. ಯಾರು ಒಬ್ಬ ಮನುಷ್ಯನ ಹಡಗಿನ ಖರ್ಚು ಕೊಟ್ಟು ಕರೆತರುತ್ತಾರೋ ಅವರಿಗೆ 50 ಎಕರೆ ನೆಲ. ಖರ್ಚು ಸುಮಾರು 6 ಪೌಂಡು ಹಣ. ಬಂದವನು ಅದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ಸಂಬಳವಿಲ್ಲದೆ ದುಡಿಯಬೇಕು. ನಮ್ಮ ಜೀತವನ್ನು ಬಲ್ಲವರಿಗೆ ಇದರ ರೀತಿ ಬೇಗ ಅರ್ಥವಾದೀತು. ಕರಾರಿಗೆ ಅವಧಿಯಿತ್ತೆಂಬುದೇ ದೊಡ್ಡ ವ್ಯತ್ಯಾಸ. ಕರಾರಿನ ಉಳಿದ ವರ್ಷಗಳನ್ನು ಒಬ್ಬ ಧಣಿ ಇನ್ನೊಬ್ಬನಿಗೆ ಮಾರಬಹುದಾಗಿತ್ತು, ಜೂಜಿನಲ್ಲಿ ಪಣವೊಡ್ಡಬಹುದಾಗಿತ್ತು. 1619ರ ವಸಂತದಲ್ಲಿ ಲಂಡನ್ ನಗರಸಭೆ ತನ್ನ ಬೀದಿಗಳಲ್ಲಿದ್ದ ಸುಮಾರು 100 ಬಡ ಮಕ್ಕಳನ್ನೇ ಹಡಗು ಹತ್ತಿಸಿ ಕಳಿಸಿತು. ಹೀಗೆ ಕರೆತಂದವರ ಪಟ್ಟಿಗಳಲ್ಲಿ, ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿಯೇ, ಜಾರ್ಜ್ ಮೆನಿಫೀ ಎಂಬ ಜಮೀನುದಾರನ ಲೆಕ್ಕದಲ್ಲಿ 'ಟೋನಿ, ಈಸ್ಟ್ ಇಂಡಿಯನ್' ಎಂಬ ಒಂದು ಹೆಸರಿದೆ. ನಮ್ಮ ಕಡೆಯ ಒಬ್ಬ ಮನುಷ್ಯ ಅಷ್ಟು ದೂರ ಹೋಗಿ, ಇನ್ನೊಬ್ಬನ ಪಾಲಿಗೆ 50 ಎಕರೆಯಾಗಿ ದಾಖಲಾದನು.

ರಿಚರ್ಡ್ ಫ್ರೆಥಾರ್ನ್ ಎಂಬ ಯುವಕ 1623ರಲ್ಲಿ ತನ್ನ ತಂದೆತಾಯಿಗಳಿಗೆ ಬರೆದ ಕಾಗದ ಉಳಿದುಬಂದಿದೆ. ಹಡಗಿನಿಂದ ಇಳಿದ ಮೇಲೆ ಬಟಾಣಿ ಮತ್ತು ನೀರುಗಂಜಿಯ ಹೊರತು ಬೇರೇನೂ ಕಂಡಿಲ್ಲವೆಂದೂ, ಸಾಧ್ಯವಾದರೆ ಹಣ ಕೊಟ್ಟು ತನ್ನನ್ನು ಬಿಡಿಸಿಕೊಳ್ಳಬೇಕೆಂದೂ, ಆಗದಿದ್ದರೆ ಮಾರಿ ಜೀವಿಸಲು ಸ್ವಲ್ಪ ಗಿಣ್ಣು ಬೆಣ್ಣೆಯನ್ನಾದರೂ ಕಳಿಸಬೇಕೆಂದೂ ಅಂಗಲಾಚಿದ್ದಾನೆ. ಮರು ವರ್ಷದ ಆರಂಭದಲ್ಲಿ ಬರೆದ ಮೃತರ ಪಟ್ಟಿಯಲ್ಲಿ ಅವನ ಹೆಸರಿದೆ. ಇದು ಅವನೊಬ್ಬನ ವಿಧಿಯಾಗಿರಲಿಲ್ಲ. 1607ರಿಂದ 1624ರವರೆಗೆ ವರ್ಜೀನಿಯಾಕ್ಕೆ ಹೊರಟವರು 6,000ಕ್ಕೂ ಹೆಚ್ಚು. 1625ರ ಗಣತಿಯಲ್ಲಿ ಸಿಕ್ಕವರು ಸುಮಾರು 1,200. ರೋಗವೇ ಹೆಚ್ಚು ಮಂದಿಯನ್ನು ಕೊಂದಿತು. 1622ರ ಮಾರ್ಚ್ 22ರಂದು, ತಮ್ಮ ನೆಲವೆಲ್ಲ ಸೊಪ್ಪಿನ ಹೊಲವಾಗುತ್ತಿದ್ದುದನ್ನು ಕಂಡ ಮೂಲನಿವಾಸಿಗಳು ಒಂದೇ ಬಾರಿಗೆ ಮೇಲೆಬಿದ್ದು 347 ಮಂದಿಯನ್ನು ಕೊಂದರು; ಅದಕ್ಕೆ ಪ್ರತೀಕಾರವಾಗಿ ಇಂಗ್ಲಿಷರು ವರ್ಷಾನುಗಟ್ಟಲೆ ಅವರ ಊರುಗಳನ್ನು ಸುಟ್ಟು, ಜೋಳದ ಪೈರನ್ನು ಕಡಿದು ಹಾಕಿದರು. 1624ರಲ್ಲಿ ಕಂಪನಿ ಮುರಿದುಬಿದ್ದು ನಾಡು ನೇರವಾಗಿ ದೊರೆಯ ಕೈಗೆ ಹೋಯಿತು.

ಗಂಡಸರೇ ತುಂಬಿದ್ದ ಊರಿನಲ್ಲಿ ಯಾರೂ ನೆಲೆನಿಲ್ಲುವುದಿಲ್ಲವೆಂದು ಕಂಪನಿ 1620ರಲ್ಲಿ ಸುಮಾರು 90 ಮಂದಿ ಹುಡುಗಿಯರನ್ನು ಕಳಿಸಿತ್ತು. ಮರುವರ್ಷ 57 ಮಂದಿ ಹೊರಟರು. ಅವರನ್ನು ವರಿಸಿದವನು 150 ಪೌಂಡು ಒಳ್ಳೆಯ ಸೊಪ್ಪನ್ನು ಕಂಪನಿಗೆ ಕೊಡಬೇಕು. ಇದನ್ನು ಹೆಣ್ಣಿನ ಮಾರಾಟವೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹುಡುಗಿಯರನ್ನು ಬಲವಂತಪಡಿಸಬಾರದೆಂದೂ, ಕರಾರಿನ ಆಳುಗಳಿಗೆ ಕೊಡದೆ ಸ್ವತಂತ್ರರಾದವರಿಗೇ ಮದುವೆ ಮಾಡಿಸಬೇಕೆಂದೂ ಕಂಪನಿ ಸೂಚಿಸಿತ್ತು. ಆದರೂ ಮದುವೆಯ ಮಾತು ತಕ್ಕಡಿಯ ಮುಂದೆ ನಡೆಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಅಷ್ಟು ಸೊಪ್ಪು ಬೆಳೆಯಲಾರದವನಿಗೆ ಸಂಸಾರವಿಲ್ಲ.

ಈಗ 1619ರ ಬೇಸಗೆಗೆ ಹಿಂದಿರುಗೋಣ. ಜುಲೈ 30ರಂದು ಜೇಮ್ಸ್‌ಟೌನಿನ ಇಗರ್ಜಿಯಲ್ಲಿ 22 ಮಂದಿ ಪ್ರತಿನಿಧಿಗಳು ಸೇರಿದರು. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಚುನಾಯಿತರು ಕುಳಿತು ಕಾನೂನು ಮಾಡಿದ ಮೊದಲ ಸಭೆ ಇದು. ಆ ಸಭೆ ಒಳ್ಳೆಯ ಸೊಪ್ಪಿಗೆ ಪೌಂಡಿಗೆ 3 ಷಿಲಿಂಗು, ಎರಡನೆಯ ದರ್ಜೆಗೆ 18 ಪೆನ್ನಿ ಎಂದು ಬೆಲೆ ಕಟ್ಟಿತು. ತನ್ನ ಅಧ್ಯಕ್ಷ, ಗುಮಾಸ್ತ ಮೊದಲಾದವರ ಸಂಭಾವನೆಗೆಂದು ಹದಿನಾರು ವರ್ಷ ಮೀರಿದ ಪ್ರತಿ ಗಂಡಸಿನ ಮೇಲೆ ಒಂದು ಪೌಂಡು ಸೊಪ್ಪಿನ ತೆರಿಗೆ ಹಾಕಿತು. ರೇಷ್ಮೆಯ ಆಸೆಯಿಂದ ಪ್ರತಿಯೊಬ್ಬನೂ ವರ್ಷಕ್ಕೆ ಆರು ಹಿಪ್ಪುನೇರಳೆ ಗಿಡ ನೆಡಬೇಕೆಂದೂ ವಿಧಿಸಿತು. ಆ ರೇಷ್ಮೆ ಬರಲೇ ಇಲ್ಲ. ಒಂದು ತಿಂಗಳಾಗುವಷ್ಟರಲ್ಲಿ, ಆಗಸ್ಟಿನ ಕೊನೆಗೆ, 'ವೈಟ್ ಲಯನ್' ಎಂಬ ಹಡಗು ಬಂದಿತು. ಅದು ಪೋರ್ಚುಗೀಸರ ಹಡಗೊಂದರಿಂದ ಕಿತ್ತುಕೊಂಡಿದ್ದ, ಅಂಗೋಲದ ಇಪ್ಪತ್ತಕ್ಕೂ ತುಸು ಹೆಚ್ಚು ಆಫ್ರಿಕನರನ್ನು ಇಳಿಸಿ, ಬದಲಿಗೆ ಆಹಾರಸಾಮಗ್ರಿಯನ್ನು ತುಂಬಿಕೊಂಡು ಹೋಯಿತು. ಸ್ವಯಮಾಡಳಿತದ ಮೊದಲ ಸಭೆಗೂ ಈ ವಿನಿಮಯಕ್ಕೂ ನಡುವೆ ಒಂದು ತಿಂಗಳ ಅಂತರವಷ್ಟೆ.

ಸೊಪ್ಪು ಹಣವಾದಾಗ ಪ್ರತಿ ಬೇಸಾಯಗಾರನೂ ತನ್ನ ಹಿತ್ತಿಲಿನಲ್ಲಿ ಟಂಕಸಾಲೆಯಿಟ್ಟುಕೊಂಡಂತಾಯಿತು. ತಾಮ್ರಕ್ಕೆ ಆದದ್ದೇ ಸೊಪ್ಪಿಗೂ ಆಯಿತು. 3 ಷಿಲಿಂಗು ಎಂದರೆ 36 ಪೆನ್ನಿ. 1630ರ ಹೊತ್ತಿಗೆ ಪೌಂಡು ಸೊಪ್ಪು ಒಂದು ಪೆನ್ನಿಗೆ ಇಳಿದಿತ್ತು. ಸಭೆ ಒಬ್ಬೊಬ್ಬನಿಗೆ ಇಷ್ಟೇ ಗಿಡವೆಂದು ಮಿತಿ ಹಾಕಿತು, ಕಳಪೆ ಸೊಪ್ಪನ್ನು ಸುಡಿಸಿತು, ಬೆಲೆ ಏಳಲಿಲ್ಲ. ಬೆಲೆ ಇಳಿದಷ್ಟೂ ಸಾಲ ತೀರಿಸಲು ಇನ್ನಷ್ಟು ಬೆಳೆಯಬೇಕು. ಬೆಳೆದಷ್ಟೂ ಬೆಲೆ ಇಳಿಯುತ್ತದೆ. ಸಸಿಮಡಿ ಮಾಡಿ, ನಾಟಿ ಹಾಕಿ, ಕುಡಿ ಚಿವುಟಿ, ಒಂದೊಂದೇ ಎಲೆಯಿಂದ ಹುಳು ಆರಿಸಿ, ಕೊಯ್ದು ಒಣಗಿಸಿ ಪೀಪಾಯಿಗೆ ತುಂಬುವ ಈ ಬೆಳೆ ವರ್ಷವಿಡೀ ಕೈಗಳನ್ನು ಕೇಳುತ್ತದೆ. ನೆಲವನ್ನೂ ಮೂರು ನಾಲ್ಕು ವರ್ಷಗಳಲ್ಲಿ ಹೀರಿಬಿಡುತ್ತದೆ. ಆಗ ಹೊಸ ಕಾಡು ಕಡಿಯಬೇಕು. ಜನ ನದಿಗಳ ಉದ್ದಕ್ಕೂ ಚದರಿದರು. ಲಂಡನ್ನಿನ ಹಡಗು ಧಣಿಯ ಮನೆಯ ಕಟ್ಟೆಗೇ ಬಂದು ಸೊಪ್ಪು ತುಂಬಿಕೊಂಡು ಬಟ್ಟೆಬರೆ ಇಳಿಸುತ್ತಿತ್ತು. ಆದುದರಿಂದ ಸಂತೆ ಬೆಳೆಯಲಿಲ್ಲ, ಕಸುಬುದಾರರ ಕೇರಿ ಬೆಳೆಯಲಿಲ್ಲ, ಪಟ್ಟಣ ಬೆಳೆಯಲಿಲ್ಲ. ಸೊಪ್ಪಿನ ಹಣ ಮಾತ್ರ ಬಹುಕಾಲ ಉಳಿಯಿತು: 1696ರಲ್ಲಿ ಪಾದ್ರಿಗಳ ವಾರ್ಷಿಕ ಸಂಬಳವನ್ನು 16,000 ಪೌಂಡು ಸೊಪ್ಪು ಎಂದು ಗೊತ್ತುಮಾಡಿದರು.

ಕೈಗಳ ಅಗತ್ಯವೇ ಗುಲಾಮಗಿರಿಯನ್ನು ತಂದಿತೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ವಿವರಣೆ ನನಗೆ ಅರ್ಧ ಸತ್ಯವೆಂದು ತೋರುತ್ತದೆ. ಬೆಲೆಯ ಇಳಿತ ಕೈಗಳೇಕೆ ಬೇಕಾದವೆಂಬುದನ್ನು ವಿವರಿಸುತ್ತದೆ. ಆ ಕೈಗಳು ಸಾಯುವವರೆಗೂ, ಮಕ್ಕಳ ಕಾಲಕ್ಕೂ, ಒಬ್ಬನ ಸ್ವತ್ತಾಗಿರಬೇಕೆಂಬುದನ್ನು ವಿವರಿಸುವುದಿಲ್ಲ. ಮೊದಮೊದಲು ದಾರಿ ಮುಚ್ಚಿರಲಿಲ್ಲ. 1621ರಲ್ಲಿ ಬಂದ ಆಂಟೋನಿಯೊ ಎಂಬ ಆಫ್ರಿಕನ್ ಬಿಡುಗಡೆ ಪಡೆದು, ಆಂಟನಿ ಜಾನ್ಸನ್ ಎಂಬ ಹೆಸರಿನಿಂದ 1651ರಲ್ಲಿ 250 ಎಕರೆಗೆ ಒಡೆಯನಾದನು. ಆದರೆ 1640ರಲ್ಲಿ ಮೂವರು ಆಳುಗಳು ಓಡಿಹೋಗಿ ಸಿಕ್ಕಿಬಿದ್ದಾಗ ನ್ಯಾಯಸಭೆ ಇಬ್ಬರು ಬಿಳಿಯರಿಗೆ ಕೆಲವು ವರ್ಷಗಳ ಹೆಚ್ಚಿನ ದುಡಿಮೆಯನ್ನೂ, ಜಾನ್ ಪಂಚ್ ಎಂಬ ಕರಿಯನಿಗೆ ಜೀವಮಾನದ ದುಡಿಮೆಯನ್ನೂ ವಿಧಿಸಿತು. ಓಡಿಹೋದ ತಪ್ಪು ಒಂದೇ. 1662ರಲ್ಲಿ, ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆಂದು ಸಭೆ ಕಾನೂನು ಮಾಡಿತು. 1667ರಲ್ಲಿ, ಕ್ರೈಸ್ತ ದೀಕ್ಷೆ ಪಡೆದರೂ ಬಿಡುಗಡೆಯಿಲ್ಲವೆಂದಿತು. ಇವನ್ನು ಮಾಡಿದ್ದು ಮಾರುಕಟ್ಟೆಯಲ್ಲ. 1619ರಲ್ಲಿ ಹುಟ್ಟಿದ ಅದೇ ಸಭೆ. 1676ರಲ್ಲಿ ಬೇಕನ್ ಎಂಬವನ ದಂಗೆಯಲ್ಲಿ ಕರಾರಿನ ಬಿಳಿಯ ಆಳುಗಳೂ ಕರಿಯರೂ ಒಟ್ಟಾಗಿ ಸೇರಿದರು. ಜೇಮ್ಸ್‌ಟೌನ್ ಬೆಂಕಿಯ ಪಾಲಾಯಿತು. ಆ ಬಳಿಕ ಕರಾರಿನ ಆಳುಗಳು ಕಡಮೆಯಾಗುತ್ತ, ಆಫ್ರಿಕದ ಹಡಗುಗಳು ಹೆಚ್ಚುತ್ತ ಬಂದವು. 1705ರ ಕಾನೂನು ಬೇಲಿಯನ್ನು ಪೂರ್ತಿಯಾಗಿ ಮುಚ್ಚಿತು.

1625ರ ಗಣತಿಯ ಮಾತನ್ನು ಮೇಲೆ ಹೇಳಿದೆನಷ್ಟೆ. ಅದರಲ್ಲಿ ಮನೆಮನೆಯ ಜೋಳ, ಮೀನು, ಬಂದೂಕು, ದನಕರುಗಳ ಲೆಕ್ಕದೊಡನೆ ಜನರ ಲೆಕ್ಕವೂ ಇದೆ. ವಿಲಿಯಂ ಪಿಯರ್ಸ್ ಎಂಬವನ ಮನೆಯ ಆಳುಗಳಲ್ಲಿ ಅಂಗೋಲದಿಂದ ಬಂದ ಒಬ್ಬ ಹೆಂಗಸಿನ ಹೆಸರನ್ನೂ ಅವಳು ಬಂದ 'ಟ್ರೆಷರರ್' ಎಂಬ ಹಡಗಿನ ಹೆಸರನ್ನೂ ಬರೆದಿದ್ದಾರೆ. ಈಗ ಅವಳನ್ನು ಆಂಜೆಲಾ ಎಂದು ಕರೆಯುತ್ತಾರೆ. ಅವಳು ಎಷ್ಟು ವರ್ಷ ದುಡಿಯಬೇಕೆಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಹಾಗೆ ಹೇಳುವ ಕಾನೂನೂ ಆಗ ಇರಲಿಲ್ಲ. ಬರೆಯದೆ ಬಿಟ್ಟಿದ್ದ ಆ ಒಂದು ಜಾಗವನ್ನು ಹೇಗೆ ಬೇಕಾದರೂ ತುಂಬಬಹುದಾಗಿತ್ತು. ಮೂವತ್ತೇಳು ವರ್ಷಗಳ ತರುವಾಯ ಅದನ್ನು ತುಂಬಿದವರಿಗೆ ತಾವು ಏನನ್ನು ಬರೆಯುತ್ತಿದ್ದೇವೆಂಬುದು ಚೆನ್ನಾಗಿ ತಿಳಿದಿತ್ತು.